ಡೈಕಾಟಿಕ್ ಪ್ರಯೋಗದಲ್ಲಿ ಬಹುತೇಕರಿಗೆ ತಮ್ಮ ಹೆಸರು ಕೇಳಿಸಿಬಿಡುತ್ತಿದೆ, ಎಲ್ಲಿ ಸೋರುತ್ತಿದೆ?

ಮನೋಲ್ಯಾಬ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಮನೋವಿಜ್ಞಾನದ ಡಿಸರ್ಟೇಶನ್‌ಗಾಗಿ ನೆವಿಲ್ ಮೋರೆ 1959ರಲ್ಲಿ ಪ್ರಕಟಿಸಿದ ‘ಸ್ವಂತ ಹೆಸರು’ ಪ್ರಯೋಗವನ್ನು ಕನ್ನಡದಲ್ಲಿ ಮಾಡಲು ಹೊರಟಿದ್ದೇನೆ. ಈ ವಿಷಯ ಹೊಸದಾಗಿರುವವರಿಗೆ ಎರಡು ಮಾತು: ಹೆಡ್‌ಫೋನಿನ ಒಂದೊಂದು ಕಿವಿಗೆ ಒಂದೊಂದು ಮಾತು ಬರುತ್ತದೆ (ಡೈಕಾಟಿಕ್ ಎಂದರೆ ಇದೇ). ಒಂದು ಕಿವಿಯದನ್ನು ಕೇಳುಗ ಬೆನ್ನಿಗೇ ಗಟ್ಟಿಯಾಗಿ ಹೇಳುತ್ತಾ ಹೋಗಬೇಕು (ಶ್ಯಾಡೋಯಿಂಗ್), ಇನ್ನೊಂದನ್ನು ಬಿಟ್ಟುಬಿಡಬೇಕು. ಬಿಟ್ಟ ಕಿವಿಯಲ್ಲಿ ನಡುವೆ ಎಲ್ಲೋ ಅವರದೇ ಹೆಸರು ಬರುತ್ತದೆ. ಅದು ಗಮನಕ್ಕೆ ಬಂತೇ ಇಲ್ಲವೇ ಎಂದು ಆಮೇಲೆ ಕೇಳುತ್ತೇವೆ.

ಸದ್ಯದ ಏರ್ಪಾಡು: ಬಲಗಿವಿಗೆ ಹೆಣ್ಣುದನಿಯಲ್ಲಿ ಕನ್ನಡ ಗದ್ಯ, ಎಡಗಿವಿಗೆ ಗಂಡುದನಿಯಲ್ಲಿ ಇನ್ನೊಂದು ಕನ್ನಡ ಗದ್ಯ, ಒಟ್ಟು ಆರು ನಿಮಿಷ. ನಾಲ್ಕನೇ ನಿಮಿಷಕ್ಕೆ ಎಡಗಡೆ ಹೆಸರು. ಹೆಸರುಗಳನ್ನು ಅದೇ ಗಂಡುದನಿಯವರಿಂದ ಬೇರೆ ದಿನ ಮೊಬೈಲಿನಲ್ಲಿ ಹೇಳಿಸಿ, ಆಡಾಸಿಟಿಯಲ್ಲಿ (ಧ್ವನಿ ಎಡಿಟ್ ಮಾಡುವ ತಂತ್ರಾಂಶ) ಸೇರಿಸಿ, ಎಂಪಿ3 ಮಾಡಿಕೊಂಡಿದ್ದೇನೆ. ಕೇಳುಗರಿಗೆ ಬ್ಲೂಟೂತ್ ಹೆಡ್‌ಸೆಟ್. ಅದರ ಮೈಕಿನಿಂದಲೇ ಅವರು ಹೇಳುವುದು ರೆಕಾರ್ಡ್ ಆಗುತ್ತದೆ.

ಪೈಲಟ್‌ನಲ್ಲಿ (ಮೊದಲ ಪರೀಕ್ಷಾ ಸುತ್ತಿನಲ್ಲಿ) ಬಹುತೇಕರು “ನನ್ನ ಹೆಸರು ಬಂತಲ್ಲ” ಅನ್ನುತ್ತಿದ್ದಾರೆ. ಮೋರೆಯ ಪ್ರಯೋಗದಲ್ಲಿ ಇದು ಮೂರನೇ ಒಂದು ಭಾಗ ಮಾತ್ರ. 1995ರಲ್ಲಿ ವುಡ್ ಮತ್ತು ಕೋವನ್ ಇನ್ನಷ್ಟು ಬಿಗಿಯಾಗಿ ಮಾಡಿದಾಗಲೂ 34.6 ಶೇಕಡಾ. ನನ್ನ ಪ್ರಶ್ನೆಗಳು ಇವು. ಧ್ವನಿಮುದ್ರಣದಲ್ಲಿ ಏನು ಸರಿ ಮಾಡಬೇಕು? ಮೋರೆ ನಿಮಿಷಕ್ಕೆ 150 ಪದ ಓದಿಸಿದ್ದರು, ಕನ್ನಡದಲ್ಲಿ ಅಷ್ಟು ವೇಗದಲ್ಲಿ ಓದಿದರೆ ಯಾರೂ ಹಿಂದೆ ಹೇಳಲಾರರು, ಆಗ ವೇಗ ಎಷ್ಟಿರಬೇಕು? ಹೆಸರು ಕೇಳಿಸುವುದೆಂದರೆ ಬ್ರಾಡ್‌ಬೆಂಟ್ ಫಿಲ್ಟರ್ ಸಿದ್ಧಾಂತ (ಗಮನ ಕೊಡದ ಮಾತು ಅರ್ಥವಾಗುವ ಮೊದಲೇ ತಡೆಯಲ್ಪಡುತ್ತದೆ ಎಂಬುದು) ಬಿದ್ದುಹೋಯಿತು ಎಂದು ಬರೆಯಬಹುದೇ?

---

ಧ್ವನಿಮೇಜು

ಬೇರೆ ಯಾವುದನ್ನೂ ಮುಟ್ಟುವ ಮೊದಲು ಹೆಡ್‌ಸೆಟ್ ಬದಲಾಯಿಸಿ. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ಆನ್ ಆದ ಕ್ಷಣ ಅದು ಸಂಗೀತ ಕೇಳುವ ಸ್ಟೀರಿಯೋ ಪ್ರೊಫೈಲ್ ಬಿಟ್ಟು ಫೋನ್ ಕರೆಯ ಹ್ಯಾಂಡ್ಸ್‌ಫ್ರೀ ಪ್ರೊಫೈಲ್‌ಗೆ ಜಿಗಿಯುತ್ತೆ. ಅದು ಮೋನೋ. ಎಡ, ಬಲ ಎರಡೂ ಬೆರೆತು ಎರಡು ಕಿವಿಗೂ ಒಂದೇ ಸದ್ದು ಹೋಗುತ್ತೆ. ಅಂದರೆ ನಿಮ್ಮ ಪೈಲಟ್ ಡೈಕಾಟಿಕ್ ಆಗಿ ನಡೆದೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಹೆಣ್ಣುದನಿ ಗಂಡುದನಿ ಅನ್ನೋ ವ್ಯತ್ಯಾಸವೊಂದೇ ಕೇಳುಗರಿಗೆ ಉಳಿದಿರೋದು.

ಪರೀಕ್ಷಿಸೋದು ಸುಲಭ. ಎಡ ಚಾನೆಲ್‌ನಲ್ಲಿ “ಎಡ”, ಬಲ ಚಾನೆಲ್‌ನಲ್ಲಿ “ಬಲ” ಅಂತ ಸರದಿಯಲ್ಲಿ ಬರೋ ಒಂದು ಸಣ್ಣ ಫೈಲ್ ಮಾಡಿ. ಮೊದಲು ಮೈಕ್ ಆಫ್ ಇಟ್ಟು ಕೇಳಿ, ಆಮೇಲೆ ರೆಕಾರ್ಡಿಂಗ್ ಚಾಲೂ ಮಾಡಿ ಕೇಳಿ. ಎರಡನೇ ಸಲ ಎರಡೂ ಪದ ತಲೆಯ ನಡುವೆ ಕೇಳಿಸಿದರೆ ವಿಷಯ ಮುಗೀತು.

ಬೇಕಾದದ್ದು ತಂತಿಯ ಹೆಡ್‌ಫೋನ್, ಕಿವಿಯನ್ನು ಪೂರ್ತಿ ಮುಚ್ಚೋ ಥರದ್ದು. ಮೈಕ್ ಬೇರೆ ಇರಲಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ಹೆಡ್‌ಫೋನ್ ಔಟ್‌ಪುಟ್‌ಗೆ ಸ್ಪ್ಲಿಟರ್ ಹಾಕಿ ಬಲ ಚಾನೆಲನ್ನು ರೆಕಾರ್ಡರ್‌ನ ಒಂದು ಟ್ರ್ಯಾಕ್‌ಗೆ, ಮೈಕನ್ನು ಇನ್ನೊಂದಕ್ಕೆ ಕೊಡಿ. ಕೇಳಿದ್ದೂ ಹೇಳಿದ್ದೂ ಒಂದೇ ಕಾಲಪಟ್ಟಿಯ ಮೇಲೆ ಸಿಗುತ್ತೆ. ಇಲ್ಲದಿದ್ದರೆ ಕೇಳುಗ ಎಷ್ಟು ಹಿಂದಿದ್ದಾನೆ ಅಂತ ಅಳೆಯೋಕೆ ದಾರಿ ಇಲ್ಲ.

ಕಂಪ್ಯೂಟರ್ ಸೆಟ್ಟಿಂಗ್ಸ್‌ನಲ್ಲಿ ‘ಮೋನೋ ಆಡಿಯೋ’, ‘ಸ್ಪೇಷಿಯಲ್ ಸೌಂಡ್’, ‘ಎನ್ಹಾನ್ಸ್‌ಮೆಂಟ್ಸ್’ ಮೂರೂ ಆಫ್. ಫೋನ್‌ನಲ್ಲಾದರೆ ಮೋನೋ ಅನ್ನೋದು ಆಕ್ಸೆಸಿಬಿಲಿಟಿ ಒಳಗೆ ಅಡಗಿರುತ್ತೆ.

ಎಂಪಿ3 ಬಿಡಿ. ಜಾಯಿಂಟ್ ಸ್ಟೀರಿಯೋದಲ್ಲಿ ಎರಡು ಚಾನೆಲ್‌ಗಳನ್ನು ಕೂಡಿಸಿ ಕಳೆದು ಕೋಡ್ ಮಾಡ್ತಾರೆ. ಬಿಟ್‌ರೇಟ್ ಕಡಿಮೆ ಇದ್ದರೆ ಒಂದು ಕಿವಿ ಮೌನವಾಗಿರೋ ಜಾಗದಲ್ಲಿ ಇನ್ನೊಂದು ಕಿವಿಯ ನೆರಳು ಕೇಳಿಸುತ್ತೆ. 44,100 ಹರ್ಟ್ಸ್, 16 ಬಿಟ್ ವೇವ್ ಫೈಲ್ ಸಾಕು.

ಹೆಸರು ಜೋಡಿಸೋದರ ಬಗ್ಗೆ. ಬೇರೆ ದಿನ, ಬೇರೆ ಮೈಕ್, ಬೇರೆ ಕೋಣೆ ಅಂದ್ರೆ ಹೆಸರಿನ ಸುತ್ತ ಇರೋ ಕೋಣೆಯ ಸದ್ದೇ ಬೇರೆ. ಫ್ಯಾನ್ ಗುಂಯ್‌ಗುಟ್ಟೋದು ಒಂದು ಸೆಕೆಂಡ್ ನಿಂತು ಮತ್ತೆ ಶುರುವಾದರೂ ಕಿವಿ ಅತ್ತ ತಿರುಗುತ್ತೆ. ಎಡಗಿವಿಯದ್ದೆಲ್ಲ, ಹೆಸರುಗಳೂ ಸೇರಿ, ಒಂದೇ ಕೂರಿಕೆಯಲ್ಲಿ, ಒಂದೇ ಮೈಕಿನಲ್ಲಿ, ಒಂದೇ ದೂರದಿಂದ ಮುದ್ರಿಸಿ. ಕತ್ತರಿಸೋ ಜಾಗದಲ್ಲಿ ಆಡಾಸಿಟಿಯ ‘ಝಡ್’ ಕೀ ಒತ್ತಿದರೆ ಆಯ್ಕೆಯ ಅಂಚು ಹತ್ತಿರದ ಝೀರೋ ಕ್ರಾಸಿಂಗ್‌ಗೆ (ಧ್ವನಿ ಅಲೆ ಸೊನ್ನೆ ದಾಟೋ ಜಾಗ) ಕೂರುತ್ತೆ. ಎರಡು ತುದಿಗೂ 5ರಿಂದ 10 ಮಿಲಿಸೆಕೆಂಡ್ ಫೇಡ್ ಕೊಡಿ, ‘ಟಿಕ್’ ಸದ್ದು ಹೋಗುತ್ತೆ. ಪ್ರತಿ ಪದವನ್ನೂ, ಹೆಸರನ್ನೂ ‘ಲೌಡ್‌ನೆಸ್ ನಾರ್ಮಲೈಸೇಶನ್’ನಲ್ಲಿ ಆರ್‌ಎಂಎಸ್ (ಸದ್ದಿನ ಒಂಥರಾ ಸರಾಸರಿ ಮಟ್ಟ) ಆಯ್ಕೆ ಮಾಡಿ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಕಣ್ಣುಮುಚ್ಚಿ ಎಡ ಚಾನೆಲ್ ಮಾತ್ರ ಕೇಳಿ ನೋಡಿ. ಹೆಸರಿನ ಮೊದಲು ಒಂದು ಸಣ್ಣ ಖಾಲಿ ಜಾಗ ಉಳಿದಿರುತ್ತೆ, ಎಡಿಟ್ ಮಾಡುವವರ ಕೈ ಅಭ್ಯಾಸಬಲದಿಂದ ಅದನ್ನು ಬಿಟ್ಟುಬಿಡುತ್ತೆ. ಪದಗಳ ನಡುವಿನ ಅಂತರ ಎಲ್ಲ ಕಡೆ ಎಷ್ಟಿದೆಯೋ ಅಲ್ಲೂ ಅಷ್ಟೇ ಇರಬೇಕು.

---

ಗಮನವಿಜ್ಞಾನ

ಧ್ವನಿಮೇಜು ಅವರು ಹೇಳಿದ್ದರ ಹಿಂದೆ ಈ ಕ್ಷೇತ್ರದ ಮೊಟ್ಟಮೊದಲ ಫಲಿತಾಂಶವೇ ಇದೆ. ಕಾಲಿನ್ ಚೆರಿ 1953ರಲ್ಲಿ ಬಿಟ್ಟ ಕಿವಿಗೆ ಬಗೆಬಗೆಯ ಸದ್ದು ಕೊಟ್ಟು ನೋಡಿದರು. ಗಂಡುದನಿ ಹೆಣ್ಣುದನಿಗೆ ಬದಲಾದರೆ ಕೇಳುಗರಿಗೆ ಗೊತ್ತಾಗುತ್ತಿತ್ತು. ಮಾತಿನ ಬದಲು 400 ಹರ್ಟ್ಸ್‌ನ ಶುದ್ಧ ಸ್ವರ ಬಂದರೆ ಗೊತ್ತಾಗುತ್ತಿತ್ತು. ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದು ಗೊತ್ತಾಗಲಿಲ್ಲ. ಅಂದರೆ ಬಿಟ್ಟ ಕಿವಿಯಲ್ಲಿ ಸದ್ದಿನ ಭೌತಿಕ ಗುಣ ಬದಲಾದರೆ ಗಮನ ಆ ಕಡೆ ಹೋಗುತ್ತದೆ, ಮಾತಿನ ಒಳಗಿನದು ಬದಲಾದರೆ ಬಹುಮಟ್ಟಿಗೆ ಹೋಗುವುದಿಲ್ಲ. ಮೋರೆಯೂ ಅದನ್ನೇ ಕಂಡರು: ಬಿಟ್ಟ ಕಿವಿಯಲ್ಲಿ ಒಂದು ಸಣ್ಣ ಪದಪಟ್ಟಿಯನ್ನು 35 ಸಲ ಹೇಳಿಸಿದರೂ ಆಮೇಲೆ ಕೇಳುಗರು ಆ ಪದಗಳನ್ನು ಗುರುತಿಸಲಿಲ್ಲ. ಹೀಗಿರುವಾಗ ಹೆಸರು ಬರುವ ಜಾಗದಲ್ಲಿ ಮೈಕ್ ಬದಲಾದರೆ ನೀವು ಅಳೆಯುತ್ತಿರುವುದು ಹೆಸರಿನ ಶಕ್ತಿಯನ್ನಲ್ಲ, ಜೋಡಣೆಯ ಗುರುತನ್ನು.

ಇದನ್ನು ಪತ್ತೆಹಚ್ಚುವ ಉಪಾಯ ಜೋಡಿ ಹೆಸರು. ಪ್ರತಿಯೊಬ್ಬ ಕೇಳುಗನಿಗೂ ಎರಡು ಹೆಸರು ಕೊಡಿ: ಒಂದು ಅವನದು, ಇನ್ನೊಂದು ಪ್ರಯೋಗದಲ್ಲಿರುವ ಬೇರೊಬ್ಬನದು. ಒಂದು ನಾಲ್ಕನೇ ನಿಮಿಷಕ್ಕೆ, ಇನ್ನೊಂದು ಐದಕ್ಕೆ. ಅರ್ಧ ಜನರಿಗೆ ಈ ಕ್ರಮ, ಉಳಿದರ್ಧಕ್ಕೆ ತಿರುವುಮುರುವು. ಪರರ ಹೆಸರೂ ಗಮನಕ್ಕೆ ಬರುತ್ತಿದ್ದರೆ ತೊಂದರೆ ಜೋಡಣೆಯಲ್ಲಿದೆ. ಈ ನಿಯಂತ್ರಣ ಇಲ್ಲದ ದತ್ತಾಂಶವನ್ನು ನಾನಾದರೆ ಒಪ್ಪುವುದಿಲ್ಲ.

ಕನ್ನಡದ ಹೆಸರುಗಳಿಗೆ ಅವುಗಳದೇ ತಾಪತ್ರಯ ಇದೆ. ಕೈಯಲ್ಲಿ ಒಂದು ಹೆಸರು ಕೊಟ್ಟು ಹೇಳಿ ಅಂದರೆ ಓದುವವರು ತಮಗೇ ತಿಳಿಯದಂತೆ ಕರೆಯುವ ರಾಗಕ್ಕೆ ಹೋಗುತ್ತಾರೆ. ‘ರಮೇಶ’ ಎನ್ನುವಲ್ಲಿ ಕೊನೆಯ ಅಕಾರ ಎಳೆದು ‘ರಮೇಶಾ’ ಆಗುತ್ತದೆ, ಶ್ರುತಿ ಮೇಲೇರುತ್ತದೆ. ಹೆಸರನ್ನು ಬಿಡಿಯಾಗಿ ಹೇಳಿಸಬೇಡಿ. ‘ಗೋಡೆ, ಬೆಲ್ಲ, ರಮೇಶ, ಕೊಡೆ, ಹಗ್ಗ’ ಎಂಬ ಪಟ್ಟಿಯ ನಡುವೆ ಒಂದೇ ಏಕತಾನದಲ್ಲಿ ಓದಿಸಿ, ಅಲ್ಲಿಂದ ಕತ್ತರಿಸಿಕೊಳ್ಳಿ. ಪ್ರಾಟ್ ಎಂಬ ಮಾತಿನ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ ಹೆಸರಿನ ಸರಾಸರಿ ಶ್ರುತಿಯನ್ನೂ ಅವಧಿಯನ್ನೂ ಅಕ್ಕಪಕ್ಕದ ಹತ್ತು ಪದಗಳದರೊಂದಿಗೆ ಹೋಲಿಸಿ, ಆ ಪದಗಳ ಏರಿಳಿತದ ಹೊರಗೆ ಬಿದ್ದರೆ ಮತ್ತೆ ಓದಿಸಿ.

ಇನ್ನೊಂದು, ದೀಪ, ಪುಷ್ಪ, ಕಾವ್ಯ, ಕಿರಣ, ಸಾಗರ, ಆಶಾ. ಇವು ಹೆಸರೂ ಹೌದು, ದಿನಬಳಕೆಯ ಪದವೂ ಹೌದು. ಪುಷ್ಪ ಎಂಬ ಕೇಳುಗಳಿಗೆ ಬಿಟ್ಟ ಕಿವಿಯಲ್ಲಿ ಬಂದದ್ದು ಹೆಸರೋ ಹೂವೋ ಎಂದು ನೀವು ನಿರ್ಧರಿಸಲಾರಿರಿ. ಇಂಥವರನ್ನು ಬಿಡಿ, ಅಥವಾ ಪ್ರತ್ಯೇಕ ಗುಂಪಾಗಿ ಇಡಿ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಹಾಜರಿ ಪಟ್ಟಿಯ ಹೆಸರು ಬೇರೆ ಇರುವವರೂ ತುಂಬ. ಒಪ್ಪಿಗೆ ಪತ್ರದಲ್ಲಿರುವ ‘ವೆಂಕಟೇಶಮೂರ್ತಿ’ಯನ್ನು ಹಾಕಿದರೆ, ಇಡೀ ದಿನ ‘ವೆಂಕಿ’ ಎಂದು ಕರೆಸಿಕೊಳ್ಳುವವನ ಮೇಲೆ ಅದು ಕೆಲಸ ಮಾಡದಿರಬಹುದು. ಯಾವುದಕ್ಕೆ ಓಗೊಡುತ್ತೀರಿ ಎಂದು ಕೇಳಿಕೊಳ್ಳಿ. ಆದರೆ ಪ್ರಯೋಗದ ದಿನ ಕೇಳಬೇಡಿ, ಸುಳಿವು ಸಿಕ್ಕಿಬಿಡುತ್ತದೆ. ವಾರಗಳ ಹಿಂದೆ, ವಯಸ್ಸು, ಮಾತೃಭಾಷೆ, ಬಳಸುವ ಕೈ ಇತ್ಯಾದಿ ಕೇಳುವ ನಮೂನೆಯಲ್ಲಿ ಸೇರಿಸಿ.

ವೇಗದ ಪ್ರಶ್ನೆಗೆ ಬರುತ್ತೇನೆ. ಪದ ಎಣಿಸಬೇಡಿ, ಅಕ್ಷರ ಎಣಿಸಿ. ಇಂಗ್ಲಿಷಿನ 150 ಪದ ಅಂದರೆ ನಿಮಿಷಕ್ಕೆ ಸುಮಾರು 210ರಿಂದ 225 ಉಚ್ಚಾರಾಂಶ, ಸೆಕೆಂಡಿಗೆ ಮೂರೂವರೆ ಚಿಲ್ಲರೆ. ನಮ್ಮ ಪದಕ್ಕೆ ವಿಭಕ್ತಿ, ಕ್ರಿಯಾಪ್ರತ್ಯಯ ಎಲ್ಲ ಅಂಟಿಕೊಂಡೇ ಬರುವುದರಿಂದ ಗದ್ಯದಲ್ಲಿ ಪದವೊಂದಕ್ಕೆ ಮೂರು ನಾಲ್ಕು ಅಕ್ಷರ ಸಾಮಾನ್ಯ. ‘ಬರೆಯುತ್ತಿದ್ದವರಿಗೆ’ ಎಂಬ ಒಂದೇ ಪದಕ್ಕೆ ಎಂಟು. ಹಾಗಾಗಿ ಮೋರೆಯ ವೇಗಕ್ಕೆ ಸಮನಾದದ್ದು ಕನ್ನಡದಲ್ಲಿ ನಿಮಿಷಕ್ಕೆ 60-70 ಪದ, ಅದು ನಿಧಾನದ ಓದು. ಗದ್ಯವನ್ನೇ ಇಟ್ಟುಕೊಳ್ಳುವುದಾದರೆ ಸೆಕೆಂಡಿಗೆ 4ರಿಂದ 5 ಅಕ್ಷರ ಇಡಿ, ಅದಕ್ಕಿಂತ ಇಳಿಸಬೇಡಿ.

ಆದರೆ ನನ್ನ ಸಲಹೆ ಗದ್ಯವನ್ನೇ ಬಿಡಿ ಎಂಬುದು. ಗದ್ಯದಲ್ಲಿ ಮುಂದಿನ ಪದವನ್ನು ಊಹಿಸಬಹುದು. ‘ಮಳೆ ಬಂದು ಕೆರೆ’ ಅಂದೊಡನೆ ‘ತುಂಬಿತು’ ಬಾಯಿಗೆ ಬಂದಿರುತ್ತದೆ, ಅಷ್ಟು ಹೊತ್ತು ಗಮನಕ್ಕೆ ಬಿಡುವು. 2001ರಲ್ಲಿ ಕಾನ್ವೇ, ಕೋವನ್, ಬಂಟಿಂಗ್ ಬಳಸಿದ್ದು ಬಿಡಿ ಪದಗಳನ್ನು. ಕೇಳಬೇಕಾದ ಕಿವಿಗೆ ಹೆಣ್ಣುದನಿಯಲ್ಲಿ 330 ಪದ, ಬಿಡಬೇಕಾದ ಕಿವಿಗೆ ಗಂಡುದನಿಯಲ್ಲಿ 300 ಪದ, ಎರಡೂ ನಿಮಿಷಕ್ಕೆ 60ರಂತೆ. ಬಿಡುವ ಕಿವಿಯದು ಅರ್ಧ ನಿಮಿಷ ತಡವಾಗಿ ಶುರು. ಅವರದು ಒಂದೇ ಉಚ್ಚಾರಾಂಶದ ಪದಗಳು. ಕನ್ನಡದಲ್ಲಿ ಅಂಥವು ಬೆರಳೆಣಿಕೆ, ಆದ್ದರಿಂದ ಮನೆ, ಕಲ್ಲು, ಹೊಲ, ಬುಟ್ಟಿಯಂಥ ಎರಡಕ್ಷರದವನ್ನು ಆರಿಸಿ. ಅಕ್ಕಪಕ್ಕದ ಪದಗಳು ಜೋಡಿಯಾಗದಂತೆ ನೋಡಿಕೊಳ್ಳಿ: ‘ಹಾಲು’ ಆದಮೇಲೆ ‘ಮೊಸರು’ ಬರಬಾರದು. ಎರಡು ಕಿವಿಯ ಪದಗಳ ಆರಂಭ ಒಂದೇ ಗಳಿಗೆಗೆ ಬೀಳಬೇಕು. ಒಂದು ಕಿವಿ ಸುಮ್ಮನಿರುವ ಸಂದಿಯಲ್ಲಿ ಇನ್ನೊಂದರ ಪದ ಬಂದರೆ ಅದು ಸಲೀಸಾಗಿ ಒಳಗೆ ಬರುತ್ತದೆ. ಎರಡೂ ಪಟ್ಟಿಯನ್ನು ಸೆಕೆಂಡಿಗೊಂದರಂತೆ ಒಂದೇ ಗ್ರಿಡ್ ಮೇಲೆ ಕೂರಿಸಿದರೆ ಇದು ತಾನಾಗಿ ಸರಿಹೋಗುತ್ತದೆ.

---

ಶ್ರವಣಕೋಣೆ

ಆಡಿಯಾಲಜಿ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ.

ಕೇಳುಗರ ಎರಡೂ ಕಿವಿ ಸಮ ಇವೆ ಎಂದು ಖಚಿತಪಡಿಸಿಕೊಳ್ಳದೆ ಶುರು ಮಾಡಬೇಡಿ. 500, 1000, 2000, 4000 ಹರ್ಟ್ಸ್‌ಗಳಲ್ಲಿ 20 ಡೆಸಿಬಲ್ ಹೆಚ್‌ಎಲ್‌ನಲ್ಲಿ (ಸಾಮಾನ್ಯ ಕಿವಿಯ ಕೇಳುವ ಮಿತಿಯಿಂದ ಲೆಕ್ಕ ಹಾಕಿದ ಮಟ್ಟ) ಸ್ಕ್ರೀನಿಂಗ್ ಮಾಡಿ. ನಿಮ್ಮ ಕಾಲೇಜಿನಲ್ಲಿ ಆಡಿಯೋಮೀಟರ್ ಇಲ್ಲದಿದ್ದರೆ ಹತ್ತಿರದ ಆಡಿಯಾಲಜಿ ವಿಭಾಗವನ್ನು ಕೇಳಿ, ಒಬ್ಬರಿಗೆ ಐದು ನಿಮಿಷದ ಕೆಲಸ. ನೆಗಡಿ ಇರುವ ದಿನ ಪರೀಕ್ಷೆ ಬೇಡ, ಮಧ್ಯಕಿವಿಯಲ್ಲಿ ನೀರು ತುಂಬಿದ್ದರೆ ಒಂದು ಕಿವಿ ಮಂದವಾಗಿರುತ್ತದೆ.

ಮಟ್ಟ: ಎರಡು ಕಿವಿಗೂ 65ರಿಂದ 70 ಡೆಸಿಬಲ್ ಎಸ್‌ಪಿಎಲ್ (ಸದ್ದಿನ ಒತ್ತಡದ ಮಟ್ಟ). ಫೋನ್ ಆ್ಯಪ್‌ನಲ್ಲಿ ಅಳೆಯಬೇಡಿ. ಹೆಡ್‌ಫೋನ್‌ಗೆ ಕಪ್ಲರ್ (ಕಿವಿಯ ಜಾಗದಲ್ಲಿ ಮೀಟರಿನ ಮೈಕ್ ಕೂರಿಸುವ ಸಾಧನ), ಸೌಂಡ್ ಲೆವೆಲ್ ಮೀಟರ್ ಹಾಕಿ ಒಮ್ಮೆ ಅಳೆದು, ಕಂಪ್ಯೂಟರಿನ ವಾಲ್ಯೂಮ್ ಅಲ್ಲಿಗೇ ಬಿಗಿ ಮಾಡಿ. ಮೆಲ್ಲಗೆ ಹೇಳಿ ಎಂದು ಕೇಳುಗರಿಗೆ ಸೂಚಿಸಿ. ಜೋರಾಗಿ ಹೇಳಿದರೆ ಅವರದೇ ದನಿ ಮೂಳೆಯ ಮೂಲಕ ಎರಡೂ ಕಿವಿಗೆ ಹೋಗಿ ಬಿಟ್ಟ ಕಿವಿಯ ಮಾತನ್ನು ಮುಚ್ಚುತ್ತದೆ. ಆಗ ಹೆಸರು ಕೇಳಿಸದಿರುವುದಕ್ಕೆ ಗಮನ ಕಾರಣವಲ್ಲ.

ತಲೆಬುರುಡೆಯ ಮೂಲಕ ಸದ್ದು ಆಚೆ ಕಿವಿಗೆ ದಾಟುತ್ತದಲ್ಲ ಎಂಬ ಆತಂಕ ಬೇಡ. ಕಿವಿಯ ಮೇಲೆ ಕೂರುವ ಹೆಡ್‌ಫೋನ್‌ನಲ್ಲಿ ದಾಟುವಷ್ಟರಲ್ಲಿ ಸುಮಾರು 40 ಡೆಸಿಬಲ್ ಕಡಿಮೆಯಾಗುತ್ತದೆ, ಇನ್ಸರ್ಟ್ ಇಯರ್‌ಫೋನ್‌ನಲ್ಲಿ ಇನ್ನೂ ಹೆಚ್ಚು. ಆಚೆ ಕಿವಿಯಲ್ಲಿ 65ರ ಮಾತು ನಡೆಯುತ್ತಿರುವಾಗ ದಾಟಿ ಬಂದ ಈ 25 (65ರಲ್ಲಿ 40 ಕಳೆದದ್ದು) ಅದರಡಿ ಮುಳುಗುತ್ತದೆ. ಬ್ಲೂಟೂತ್ ಮೋನೋ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕೆ ಇರುವುದು ಬಲಗಿವಿಯ ಮೇಲುಗೈ. ಡೋರೀನ್ ಕಿಮುರಾ 1961ರಲ್ಲಿ ತೋರಿಸಿದಂತೆ, ಎರಡು ಕಿವಿಗೂ ಒಟ್ಟಿಗೆ ಅಂಕಿಗಳನ್ನು ಕೊಟ್ಟಾಗ ಮಾತಿನ ಕೇಂದ್ರ ಎಡ ಮಿದುಳಿನಲ್ಲಿರುವವರು ಬಲಗಿವಿಯವನ್ನು ಹೆಚ್ಚು ಸರಿಯಾಗಿ ಹೇಳುತ್ತಾರೆ. ನೀವು ಎಲ್ಲರಿಗೂ ಬಲಗಿವಿಯನ್ನೇ ಕೇಳಿಸುತ್ತಿದ್ದೀರಿ, ಹೆಸರು ಯಾವಾಗಲೂ ಎಡಕ್ಕೆ. ಬಲಗೈಯವರನ್ನು ಮಾತ್ರ ತೆಗೆದುಕೊಂಡು ಅರ್ಧ ಜನರಿಗೆ ಕಿವಿ ಅದಲುಬದಲು ಮಾಡಿ. ಹೆಡ್‌ಫೋನ್ ತಿರುಗಿಸಿ ಹಾಕಿಸಬೇಡಿ, ಫೈಲಿನಲ್ಲೇ ಚಾನೆಲ್ ಬದಲಿಸಿ. ಎರಡು ಬದಿಯ ಸ್ಪೀಕರ್‌ಗಳು ಅಷ್ಟಿಷ್ಟು ಬೇರೆ ಇರುತ್ತವೆ.

ಒಂದು ಎಚ್ಚರಿಕೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನಡೆಸುವ ಡೈಕಾಟಿಕ್ ಪರೀಕ್ಷೆಗಳು, ಅಂದರೆ ‘ಪ, ತ, ಕ, ಬ, ದ, ಗ’ದಂಥ ಅಕ್ಷರ ಜೋಡಿ ಅಥವಾ ಅಂಕಿಗಳದು, ಬೇರೆ ಉದ್ದೇಶದವು. ಅಲ್ಲಿ ಎರಡೂ ಕಿವಿಯದನ್ನು ಹೇಳಿ ಎಂದು ಕೇಳಿ, ಕೇಂದ್ರೀಯ ಶ್ರವಣ ಸಂಸ್ಕರಣೆ ಸರಿ ಇದೆಯೇ ನೋಡುತ್ತಾರೆ. ಆ ಅಂಕಗಳನ್ನು ನಿಮ್ಮ ಹೆಸರಿನ ಫಲಿತಾಂಶದ ಪಕ್ಕ ಇಟ್ಟು ಹೋಲಿಸಬೇಡಿ.

---

ಅಂಕಿಅಂಶ

ಮೂರನೇ ಒಂದು ಭಾಗ ಎಂಬುದನ್ನು ಎಲ್ಲರೂ ಕಲ್ಲಿನ ಮೇಲೆ ಕೆತ್ತಿದಂತೆ ಹೇಳುತ್ತಾರೆ. ಮೋರೆಯ ಆ ಪ್ರಯೋಗದಲ್ಲಿ ಇದ್ದವರು 12 ಜನ, ಗಮನಿಸಿದವರು 4. ಇಷ್ಟು ದತ್ತಾಂಶದ 95 ಶೇಕಡಾ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) 10ರಿಂದ 65 ಶೇಕಡಾವರೆಗೆ ಹರಡಿಕೊಳ್ಳುತ್ತದೆ. ನಿಮ್ಮ ಪೈಲಟ್ ಕೂಡ ಚಿಕ್ಕದೇ ಇದ್ದರೆ ‘ಮೋರೆಗಿಂತ ಹೆಚ್ಚು’ ಎನ್ನುವುದಕ್ಕೆ ಆಧಾರ ಇಲ್ಲದಿರಬಹುದು. ಹೋಲಿಸುವುದಾದರೆ ವುಡ್-ಕೋವನ್ ಸಂಖ್ಯೆಯೊಂದಿಗೆ ಹೋಲಿಸಿ.

ಇಲ್ಲಿ ಒಬ್ಬರಿಂದ ಸಿಗುವುದು ಒಂದೇ ಉತ್ತರ, ಹೌದು ಅಥವಾ ಇಲ್ಲ. ಒಮ್ಮೆ ಹೆಸರಿನ ವಿಷಯ ಕೇಳಿಬಿಟ್ಟರೆ ಎರಡನೇ ಸಲಕ್ಕೆ ಅವರು ಕಾದು ಕೂತಿರುತ್ತಾರೆ, ಆ ದತ್ತಾಂಶ ಬರಡು. ಹಾಗಾಗಿ ಜನ ಬೇಕು. 35 ಶೇಕಡಾ ಆಸುಪಾಸಿನ ಪ್ರಮಾಣವನ್ನು 10 ಅಂಶ ಆಚೀಚೆ ಹಿಡಿಯಬೇಕಾದರೆ 88 ಜನ. ಅಷ್ಟು ಸಾಧ್ಯವಾಗದಿದ್ದರೆ ಪ್ರಮಾಣ ಅಂದಾಜಿಸುವ ಗುರಿ ಬಿಟ್ಟು, ಸ್ವಂತ ಹೆಸರು ಮತ್ತು ಪರರ ಹೆಸರಿನ ಹೋಲಿಕೆಯನ್ನೇ ಮುಖ್ಯ ಪ್ರಶ್ನೆ ಮಾಡಿ. ಒಬ್ಬರಿಗೇ ಎರಡೂ ಕೊಡುವುದರಿಂದ ಅದಕ್ಕೆ ಮ್ಯಾಕ್‌ನೆಮಾರ್ ಪರೀಕ್ಷೆ. ಬೇರೆ ಬೇರೆ ಜನರ ಗುಂಪು ಹೋಲಿಸುವ ಸಾಮಾನ್ಯ ಕೈ-ಸ್ಕ್ವೇರ್ ಪರೀಕ್ಷೆ ಹಾಕಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ.

ಯಾರನ್ನು ಕೈಬಿಡುತ್ತೀರಿ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ. ಸ್ಕ್ರೀನಿಂಗ್ ಪಾಸಾಗದವರು, ಶ್ಯಾಡೋಯಿಂಗ್‌ನಲ್ಲಿ ಮೊದಲೇ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ತಪ್ಪಿದವರು, ಈ ಪ್ರಯೋಗದ ಬಗ್ಗೆ ಮೊದಲೇ ಓದಿರುವವರು. ಮನೋವಿಜ್ಞಾನದ ಸಹಪಾಠಿಗಳಲ್ಲಿ ಮೂರನೆಯವರು ಬಹಳ ಇರುತ್ತಾರೆ. ಬೇರೆ ವಿಭಾಗಗಳಿಂದ ಜನ ತನ್ನಿ.

---

ಪದ್ಯಪ್ರಿಯ

ಸ್ವಲ್ಪ ಆಚೆಯ ಪ್ರಶ್ನೆ. ಅಷ್ಟಾವಧಾನದಲ್ಲಿ ಅವಧಾನಿಗಳು ಪದ್ಯ ಕಟ್ಟುತ್ತಲೇ ನಡುನಡುವೆ ಬಾರಿಸುವ ಗಂಟೆಯನ್ನು ಎಣಿಸಿ ಕೊನೆಯಲ್ಲಿ ಒಟ್ಟು ಹೇಳುತ್ತಾರೆ. ಅಪ್ರಸ್ತುತ ಪ್ರಸಂಗದವರು ಬೇರೆ ಅಡ್ಡ ಮಾತು ಹಾಕುತ್ತಿರುತ್ತಾರೆ. ಬಿಟ್ಟ ಕಿವಿಯದು ಒಳಗೆ ಬರುವುದಿಲ್ಲ ಎಂಬುದಕ್ಕೆ ಇದು ವಿರುದ್ಧ ಅಲ್ಲವೇ?

---

ಗಮನವಿಜ್ಞಾನ

ಒಳ್ಳೆಯ ಪ್ರಶ್ನೆ, ವಿರುದ್ಧ ಅಲ್ಲ. ಗಂಟೆ ಮಾತಲ್ಲ. ಚೆರಿಯ ಕೇಳುಗರಿಗೂ ಶುದ್ಧ ಸ್ವರ ಬಂದದ್ದು ತಿಳಿಯುತ್ತಿತ್ತು, ಮಾತಿನ ನಡುವೆ ಲೋಹದ ನಾದ ಎದ್ದು ಕೇಳುತ್ತದೆ. ಅಪ್ರಸ್ತುತ ಪ್ರಸಂಗದವರ ಮಾತಿಗೆ ಅವಧಾನಿ ಉತ್ತರ ಕೊಡುತ್ತಾರೆ, ಅಂದರೆ ಅದನ್ನು ಕೇಳಿಯೇ ಕೊಡುತ್ತಾರೆ. ಪೃಚ್ಛಕರ (ಪ್ರಶ್ನೆ ಹಾಕುವವರ) ಮಾತುಗಳು ಒಂದಾದ ಮೇಲೊಂದು ಬರುತ್ತವೆ. ಒಂದೇ ಗಳಿಗೆಯಲ್ಲಿ ಎರಡು ವಾಕ್ಯ ಕೇಳಿ ಎರಡನ್ನೂ ಹೇಳು ಎಂದು ಯಾರೂ ಒಡ್ಡುವುದಿಲ್ಲ. ಅಲ್ಲಿಯ ಅಸಾಧಾರಣ ಶಕ್ತಿ ಇರುವುದು ಎಣಿಕೆ, ಛಂದಸ್ಸು, ನಿಷೇಧಿಸಿದ ಅಕ್ಷರ, ಅರ್ಧಕ್ಕೆ ನಿಂತ ಪದ್ಯ, ಇವನ್ನೆಲ್ಲ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವುದರಲ್ಲಿ.

ಹಾಗೆ ನೋಡಿದರೆ ಇದು ಮೂಲ ಪ್ರಶ್ನೆಗೂ ಸಂಬಂಧಿಸಿದ್ದು. ಆಗ ಹೇಳಿದ 2001ರ ಅಧ್ಯಯನದಲ್ಲಿ ಕಾರ್ಯಸ್ಮೃತಿ (ಹೀಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ) ಕಡಿಮೆ ಇರುವವರಲ್ಲಿ 65 ಶೇಕಡಾ ತಮ್ಮ ಹೆಸರು ಕೇಳಿಸಿಕೊಂಡರು, ಹೆಚ್ಚು ಇರುವವರಲ್ಲಿ 20 ಶೇಕಡಾ ಮಾತ್ರ. ಹೆಸರು ಹಿಡಿಯುವುದು ಚುರುಕುತನದ ಲಕ್ಷಣ ಎಂದುಕೊಳ್ಳುವವರಿಗೆ ಇದು ತಲೆಕೆಳಗು ಕಾಣಬಹುದು. ಆದರೆ ಕೊಟ್ಟ ಕೆಲಸ ಆ ಕಿವಿಯನ್ನು ಬಿಡುವುದು. ಬಿಡಲಾಗದವರೇ ಹೆಸರು ಕೇಳಿದವರು.

---

ಮನೋಲ್ಯಾಬ್

ಎಲ್ಲರಿಗೂ ಧನ್ಯವಾದ. ಮೈಕ್ ಆನ್ ಮಾಡಿ ‘ಎಡ-ಬಲ’ ಫೈಲ್ ಹಾಕಿದೆ, ಎರಡೂ ಕಿವಿಯಲ್ಲಿ ಎರಡೂ ಬರುತ್ತಿದೆ. ಪೈಲಟ್ ದತ್ತಾಂಶ ಪೂರ್ತಿ ಬಿಡುತ್ತೇನೆ. ಇನ್ನು ಉಳಿದದ್ದು ಎರಡು: ಬ್ರಾಡ್‌ಬೆಂಟ್ ವಿಷಯ, ಮತ್ತು ಕೊನೆಯಲ್ಲಿ ಪ್ರಶ್ನೆ ಕೇಳುವ ಕ್ರಮ. ಈಗ ಪ್ರಶ್ನಾವಳಿಯ ಮೊದಲ ಪ್ರಶ್ನೆಯೇ “ನಿಮ್ಮ ಹೆಸರು ಕೇಳಿಸಿತೇ?” ಎಂದಿದೆ.

---

ಗಮನವಿಜ್ಞಾನ

‘ಬಿದ್ದುಹೋಯಿತು’ ಎಂದು ಬರೆಯಬೇಡಿ. 1958ರ ಬ್ರಾಡ್‌ಬೆಂಟ್ ಮಾದರಿಯಲ್ಲಿ ಫಿಲ್ಟರ್ ಧ್ವನಿಯ ಭೌತಿಕ ಗುಣ ನೋಡಿ ಒಂದು ದಾರಿಯನ್ನು ಮಾತ್ರ ಒಳಗೆ ಬಿಡುತ್ತದೆ, ಅರ್ಥದ ಕೆಲಸ ಆಮೇಲೆ. ಹೆಸರು ಕೇಳಿಸುವುದು ಇದಕ್ಕೆ ತೊಡಕು ನಿಜ. ಆನ್ ಟ್ರೀಸ್ಮನ್ ಅದನ್ನು ಬಿಡಿಸಿದ್ದು ಹೀಗೆ: ಫಿಲ್ಟರ್ ಪೂರ್ತಿ ಮುಚ್ಚುವುದಿಲ್ಲ, ಬಿಟ್ಟ ಕಿವಿಯದನ್ನು ಕುಗ್ಗಿಸುತ್ತದೆ. ಸ್ವಂತ ಹೆಸರಿನಂಥ ಪದ ಎಚ್ಚರಗೊಳ್ಳಲು ಆ ಕುಗ್ಗಿದ ಸದ್ದೇ ಸಾಕು. 1963ರಲ್ಲಿ ಡಾಯ್ಚ್ ಮತ್ತು ಡಾಯ್ಚ್ ಇನ್ನೊಂದು ತುದಿಗೆ ಹೋಗಿ, ಎಲ್ಲ ಮಾತಿಗೂ ಅರ್ಥ ಸಿಗುತ್ತದೆ, ಆಯ್ಕೆ ಆಗುವುದು ಅದಾದ ಮೇಲೆ ಎಂದರು.

ಆದರೆ ಈ ಮೂರರ ನಡುವೆ ತೀರ್ಮಾನ ಮಾಡುವ ಮೊದಲು ಒಂದು ಬೇರೆ ವಿವರಣೆಯನ್ನು ತಳ್ಳಿಹಾಕಬೇಕು. ಬಿಟ್ಟ ಕಿವಿಯ ಮಾತು ತಾನಾಗಿ ಸೋರಿ ಒಳಬಂತೋ, ಅಥವಾ ಆ ಗಳಿಗೆಯಲ್ಲಿ ಗಮನವೇ ಆ ಕಿವಿಗೆ ಜಾರಿತ್ತೋ? ಲಾಕ್ಟರ್, ಫಾರ್ಸ್ಟರ್, ರುತ್ರಫ್ 2004ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಈ ಕಣ್ಣಿನಿಂದ ಮತ್ತೆ ನೋಡಿ, ಜಾರುವಿಕೆಯನ್ನು ಬಿಗಿಯಾಗಿ ತಡೆದರೆ ಬ್ರಾಡ್‌ಬೆಂಟ್ ಇನ್ನೂ ನಿಲ್ಲುತ್ತಾರೆ ಎಂದು ವಾದಿಸಿದರು. ಸೆಕೆಂಡಿಗೊಂದು ಪದದ ಪಟ್ಟಿಯಲ್ಲಿ ಜಾರಲು ಸಂದಿ ಇದ್ದೇ ಇದೆ. ಅದನ್ನು ಪೂರ್ತಿ ತಡೆಯಲಾಗದು, ಅಳೆಯಬಹುದು. ನಿಮ್ಮ ಪ್ರಬಂಧದ ಬೆಲೆ ಇರುವುದು ಈ ಅಳತೆಯಲ್ಲೇ ಎಂದು ನನ್ನ ನಂಬಿಕೆ.

ಅಳೆಯುವುದು ಹೀಗೆ. ಎರಡು ಟ್ರ್ಯಾಕ್‌ನ ರೆಕಾರ್ಡಿಂಗ್‌ನಲ್ಲಿ ಪ್ರತಿ ಪದದ ಆರಂಭದಿಂದ ಕೇಳುಗ ಅದನ್ನು ಹೇಳಲು ಶುರು ಮಾಡುವವರೆಗಿನ ಅಂತರ ತೆಗೆಯಿರಿ, ಪ್ರಾಟ್‌ನಲ್ಲಿ ಗಡಿ ಗುರುತಿಸಿ. ತಪ್ಪು, ಬಿಟ್ಟ ಪದ, ಆಚೆ ಕಿವಿಯ ಪದ ಬಾಯಿಗೆ ಬಂದದ್ದು, ಮೂರನ್ನೂ ಬೇರೆ ಬೇರೆ ಬರೆಯಿರಿ. ಆಮೇಲೆ ಹೆಸರಿಗೆ ಮುಂಚಿನ ಎರಡು ಪದ, ಹೆಸರಿನ ಜೊತೆಗೆ ಬಂದ ಪದ, ನಂತರದ ಎರಡು ಪದ, ಈ ಐದನ್ನು ನೋಡಿ. ಹೆಸರಿಗೆ ಮುಂಚೆಯೇ ಅಂತರ ಹಿಗ್ಗಿದ್ದರೆ ಅಥವಾ ತಪ್ಪಿದ್ದರೆ ಗಮನ ಮೊದಲೇ ಜಾರಿತ್ತು. ಮುಂಚೆ ಸ್ವಚ್ಛವಾಗಿದ್ದು ಹೆಸರಿನ ಬೆನ್ನಿಗೆ ಮುಗ್ಗರಿಸಿದರೆ ಹೆಸರೇ ಸೆಳೆದದ್ದು. ವುಡ್ ಮತ್ತು ಕೋವನ್ ಕಂಡದ್ದು ಎರಡನೆಯದು: ಗಮನಿಸಿದವರು ಹೆಸರಾದ ಮೇಲೆ ಕೆಲ ಹೊತ್ತು ಎಡವಿದರು, ಗಮನಿಸದವರು ಎಡವಲಿಲ್ಲ. ಅಳೆಯುವವರಿಗೆ ಕೇಳುಗರ ಉತ್ತರ ಗೊತ್ತಿರಬಾರದು. ಒಂದಷ್ಟು ಫೈಲುಗಳನ್ನು ಇನ್ನೊಬ್ಬರಿಂದಲೂ ಅಳೆಸಿ ತಾಳೆ ನೋಡಿ.

ಪ್ರಶ್ನೆಯ ಕ್ರಮ. ಹೆಸರನ್ನು ಮೊದಲೇ ಕೇಳಿದರೆ ಎಲ್ಲರೂ ಹೌದು ಎನ್ನುವ ಕಡೆಗೆ ವಾಲುತ್ತಾರೆ. ಕಾಗದ ಕೊಡಬೇಡಿ, ಮುಂದಿನ ಪ್ರಶ್ನೆಗಳು ಕಣ್ಣಿಗೆ ಬೀಳುತ್ತವೆ. ಬಾಯಲ್ಲೇ, ಒಂದಾದ ಮೇಲೊಂದು ಕೇಳಿ: “ಆಡಿಯೋ ಬಗ್ಗೆ ಏನಾದರೂ ಹೇಳಬೇಕೆನಿಸುತ್ತದೆಯೇ?” ಆಮೇಲೆ “ಬಿಡಬೇಕಾಗಿದ್ದ ಕಿವಿಯಲ್ಲಿ ಏನು ಬರುತ್ತಿತ್ತು?” ಆಮೇಲೆ “ಅದರಲ್ಲಿ ಯಾವುದಾದರೂ ಪದ ನೆನಪಿದೆಯೇ?” ಆಮೇಲೆ “ಯಾರದಾದರೂ ಹೆಸರು ಬಂತೇ? ಯಾವುದು?” ಕೊನೆಗೆ ಮಾತ್ರ “ನಿಮ್ಮ ಹೆಸರು?” ಹೆಸರನ್ನು ಎಷ್ಟನೇ ಪ್ರಶ್ನೆಯಲ್ಲಿ ಹೇಳಿದರು ಎಂಬುದನ್ನೇ ದಾಖಲಿಸಿ. ಕೊನೆಯ ಪ್ರಶ್ನೆಗೆ ಮಾತ್ರ ಹೌದು ಎಂದವರನ್ನು ಗಮನಿಸಿದವರ ಲೆಕ್ಕಕ್ಕೆ ಸೇರಿಸಬೇಡಿ.

ತಡ ಮಾಡಬೇಡಿ. ಗ್ಲಕ್ಸ್‌ಬರ್ಗ್ ಮತ್ತು ಕೋವೆನ್ 1970ರಲ್ಲಿ ಬಿಟ್ಟ ಕಿವಿಗೆ ಒಂದು ಅಂಕಿ ಹಾಕಿ, ಬೇರೆ ಬೇರೆ ಹೊತ್ತು ಬಿಟ್ಟು ಕೇಳಿದರು. ಐದು ಸೆಕೆಂಡಿನ ಹೊತ್ತಿಗೆ ನೆನಪು ಬಹುತೇಕ ಅಳಿದಿತ್ತು. ಅಂದರೆ ನಿಮಿಷಗಳ ನಂತರ ‘ಇಲ್ಲ’ ಎಂದವರಲ್ಲಿ ಕೇಳಿಸಿ ಮರೆತವರೂ ಇರಬಹುದು. ಹೆಸರು ಎಷ್ಟೇ ಅಂಟಿಕೊಳ್ಳುವಂಥದಾದರೂ ಎರಡನೇ ಹೆಸರು ಬಂದು ಅರ್ಧ ನಿಮಿಷಕ್ಕೆ ಪಟ್ಟಿ ಮುಗಿಸಿ, ಹೆಡ್‌ಫೋನ್ ಕೆಳಗಿಡುವ ಮೊದಲೇ ಮೊದಲ ಪ್ರಶ್ನೆ ಕೇಳಿ. ಇಬ್ಬಿಬ್ಬರು ಒಟ್ಟಿಗೆ ಬಂದರೆ ಒಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಾಗಿಲಾಚೆ ನಿಂತವರಿಗೆ ಈ ಐದು ಪ್ರಶ್ನೆ ಕೇಳಿಸಿದರೆ ಅವರ ಸರದಿ ವ್ಯರ್ಥ.